ಆರನೆಯ ಸೂತಕ



ನಮ್ಮ ಅಕ್ಕ ಹನ್ನೊಂದು ವರ್ಷ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ಕೊರಳಲ್ಲಿ ಕರಡಿಗೆ ಇತ್ತು, ಹಣೆಯಲ್ಲಿ ವಿಭೂತಿ ಇತ್ತು, ಪೂಜೆಗೆ ಮಾತ್ರ ಕೂರುತ್ತಿರಲಿಲ್ಲ. ಅಜ್ಜಂಪುರದ ಹತ್ತಿರದ ಅವಳ ಊರಿನಲ್ಲಿ ಶ್ರಾವಣದ ಪ್ರವಚನ ನಡೆದರೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಲ್ಲುವಳು, ಅರ್ಧಕ್ಕೇ ಎದ್ದು ಹೋಗುವಳು. ಭಾವ ಲಿಂಗೈಕ್ಯರಾದ ಮೇಲೆ ಅವಳಿಗೆ ಯಾವುದರಲ್ಲೂ ಮನಸ್ಸಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ನಿಜ ಹೊರಬಂದದ್ದು ಮೊಮ್ಮಗಳ ಮುಂದೆ. ಗರ್ಭಕೋಶ ಜಾರಿತ್ತು. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಸೀರೆ ಒದ್ದೆ. "ಇಂಥ ಮೈಯಲ್ಲಿ ಲಿಂಗ ಮುಟ್ಟಲೇನೇ?" ಎಂದಳಂತೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಅಳಿಸಿದರು ಎಂದು ನಾನು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಡಹುಟ್ಟಿದವಳು ಆರನೆಯದೊಂದನ್ನು ತನ್ನ ಮೇಲೆ ತಾನೇ ಹೊತ್ತುಕೊಂಡಿದ್ದು ನನಗೆ ತಿಳಿಯಲಿಲ್ಲ. ನಾಲೆಯ ಲೈನಿಂಗಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದರಲ್ಲೇ ನೌಕರಿ ಕಳೆದವನು ನಾನು.

ಅಕ್ಕನಂಥವರು ಎಷ್ಟು ಮಂದಿ ಇದ್ದಾರೆಂದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಯಾರೂ ಎಣಿಸಿದ್ದು ನಾನು ಕಂಡಿಲ್ಲ. ಆದರೆ ಕಾರಣಗಳು ನಮ್ಮ ಕಣ್ಣೆದುರಿಗೇ ಇವೆ. ಮೇಲಿಂದ ಮೇಲೆ ಹೆರಿಗೆ, ಕಷ್ಟದ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಹೊರೆ ಹೊರುವುದು, ಮುಟ್ಟು ನಿಂತ ಮೇಲೆ ಸ್ನಾಯುಗಳು ಸಡಿಲವಾಗುವುದು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆ. ಜಾತ್ರೆಯ ದಾಸೋಹದಲ್ಲಿ ಅನ್ನದ ಹಂಡೆ ಇಳಿಸುವ ತಾಯಂದಿರನ್ನೊಮ್ಮೆ ನೋಡಿ.

ಅಕ್ಕನನ್ನು ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ಮಾತು ಮುಗಿಯಿತು: ಗರ್ಭಕೋಶ ತೆಗೆಸಿಬಿಡಿ. ದಿನವೂ ಗೊತ್ತಾಯಿತು. ನನಗೆ ಮನಸ್ಸು ಒಪ್ಪಲಿಲ್ಲ. ನನ್ನದು ಎಂಜಿನಿಯರನ ಅನುಮಾನ. ಚಾವಣಿಯ ತೊಲೆ ಬಾಗಿದ್ದರೆ ಅದಕ್ಕೆ ತೂಗುಹಾಕಿದ ತೊಟ್ಟಿಲನ್ನು ತೆಗೆದರೆ ತೊಲೆ ನೆಟ್ಟಗಾಗುತ್ತದೆಯೇ? ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಡೆಲಾನ್ಸಿ ಎಂಬ ವೈದ್ಯರು 1992ರಲ್ಲಿ ಈ ಆಧಾರಗಳನ್ನು ಮೂರು ಹಂತಗಳಾಗಿ ವಿವರಿಸಿದ್ದಾರೆ. ಮೇಲಿನಿಂದ ತೂಗಿ ಹಿಡಿಯುವ ಕಟ್ಟುಗಳು, ಎರಡು ಪಕ್ಕಕ್ಕೆ ಬಿಗಿದ ಕಟ್ಟುಗಳು, ಕೆಳಗಿನ ತಳಪಾಯ. ಯಾವ ಹಂತ ಕಿತ್ತಿದೆ ಎಂದು ನೋಡಿ ಅದನ್ನು ಸರಿಪಡಿಸಬೇಕು. ಗರ್ಭಕೋಶ ತೆಗೆದು ಕಟ್ಟುಗಳನ್ನು ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಉಳಿದ ಭಾಗವೂ ಜಾರಬಹುದು. ಮೂತ್ರ ಸೋರುವುದರಲ್ಲೂ ಬಗೆಗಳಿವೆ. ಕೆಮ್ಮಿದಾಗ ಸೋರುವುದು ಒಂದು, ಅವಸರ ತಡೆಯಲಾಗದೆ ಸೋರುವುದು ಇನ್ನೊಂದು. ಮೊದಲನೆಯದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಎರಡನೆಯದನ್ನು ವಾಸಿಮಾಡದು.

ಮೊಮ್ಮಗಳು ಹಟ ಹಿಡಿದು ದೂರದ ಬೋಧನಾ ಆಸ್ಪತ್ರೆಯೊಂದಕ್ಕೆ ಕರೆದೊಯ್ದಳು. ಅಲ್ಲಿದ್ದ ವೈದ್ಯೆ ಇದೇ ವಿಭಾಗದಲ್ಲಿ ಫೆಲೋಶಿಪ್ ಮಾಡಿದವರು. ಮುಕ್ಕಾಲು ಗಂಟೆ ಅಕ್ಕನ ಮಾತು ಕೇಳಿದರು. ಮೂರು ದಿನ ಎಷ್ಟು ನೀರು ಕುಡಿದೆ, ಯಾವಾಗ ಹೋದೆ, ಯಾವಾಗ ಸೋರಿತು ಎಂದು ಬರೆದಿಡಲು ಹೇಳಿದರು. (ತೂಬಿನ ಗೇಜ್ ಪುಸ್ತಕವೇ ಸರಿ!) ಕೊನೆಗೆ ಒಳಗೆ ಆಧಾರವಾಗಿ ನಿಲ್ಲುವ ಪೆಸರಿ ಎಂಬ ಉಂಗುರ ಹಾಕಿದರು, ತಳದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಕಲಿಸಿದರು. ಈ ವ್ಯಾಯಾಮವನ್ನು ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲೇ ಬರೆದು ತಿಳಿಸಿದ್ದರು. ಅದು ನಮ್ಮ ಊರಿಗೆ ಬಂದಿರಲಿಲ್ಲ, ಅಷ್ಟೆ. ಅಕ್ಕನ ಮೈಗೆ ಕತ್ತಿ ತಾಗಲಿಲ್ಲ.

ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು ಕಲಬುರಗಿಯಿಂದ, ರಾಣೆಬೆನ್ನೂರಿನಿಂದ ಬಂದವು, ನಮ್ಮದೇ ಕಡೂರು ತಾಲ್ಲೂಕಿನ ಬೀರೂರಿನಿಂದಲೂ ಬಂದವು. ಹೆಚ್ಚಿನವರು ತಾಂಡಾಗಳ ಬಡ ಹೆಣ್ಣುಮಕ್ಕಳು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆದೇಶ ಒಳ್ಳೆಯದೇ. ಆದರೆ ತೆಗೆಯಬೇಡ ಎಂದರೆ ಸಾಲದು, ಬೇರೆ ದಾರಿ ಬಲ್ಲ ಕೈ ಹತ್ತಿರದಲ್ಲಿ ಇರಬೇಕು. ಇಲ್ಲಿ ಆಸೆಬುರುಕ ವೈದ್ಯರೂ ಇದ್ದಾರೆ, ಗೊತ್ತಿರುವುದು ಅದೊಂದೇ ಆದ್ದರಿಂದ ಅದನ್ನೇ ಮಾಡುವವರೂ ಇದ್ದಾರೆ. ಎರಡನೆಯವರನ್ನು ಬೈದು ಪ್ರಯೋಜನವಿಲ್ಲ.

ಸ್ತ್ರೀರೋಗ ತಜ್ಞರಾಗಲು ಎಂಬಿಬಿಎಸ್ ಮುಗಿದ ಮೇಲೆ ಮೂರು ವರ್ಷ ಓದಬೇಕು. ಆ ಮೂರು ವರ್ಷದಲ್ಲಿ ಹೆರಿಗೆ, ಸಿಸೇರಿಯನ್‌ಗಳದೇ ದೊಡ್ಡ ಪಾಲು. ಜಾರಿದ್ದನ್ನು ಮರಳಿ ಕಟ್ಟುವ, ಮೂತ್ರಕೋಶದ ಸೋರಿಕೆ ಪರೀಕ್ಷಿಸುವ, ಹೆರಿಗೆಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಆದ ರಂಧ್ರ ಮುಚ್ಚುವ ಕೆಲಸಕ್ಕೆ ಅದರ ಮೇಲೆ ಫೆಲೋಶಿಪ್ ತರಬೇತಿ ಬೇಕು. ಅಮೆರಿಕದಲ್ಲಿ 2011ರಲ್ಲಿ ಇದನ್ನು ಪ್ರತ್ಯೇಕ ಉಪವಿಭಾಗವೆಂದು ಮಾನ್ಯ ಮಾಡಿದರು. ಅಲ್ಲಿ ಸ್ತ್ರೀರೋಗ ತಜ್ಞರಿಗೆ ಈ ತರಬೇತಿ ಮೂರು ವರ್ಷ. ನಮ್ಮ ದೇಶದ ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಇದು ಯೂರೋಗೈನಕಾಲಜಿ ಎಂಬ ಹೆಸರಿನಲ್ಲಿ ಸಿಗುತ್ತದೆ. ತರಬೇತಿಗಿಂತ ಸಾಮಗ್ರಿ ಮುಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕವೇ ಉದಾಹರಣೆ. ಜಾರಿದ ಭಾಗಕ್ಕೆ ಯೋನಿಯ ಮೂಲಕ ಹಾಕುವ ಪ್ಲಾಸ್ಟಿಕ್ ಜಾಲರಿ ಅಲ್ಲಿ ಧಾರಾಳವಾಗಿ ಬಳಕೆಯಾಯಿತು, ಅನೇಕ ಹೆಂಗಸರು ತೀರದ ನೋವು ತಿಂದರು, 2019ರಲ್ಲಿ ಅದರ ಮಾರಾಟವನ್ನೇ ಸರ್ಕಾರ ನಿಲ್ಲಿಸಿತು.

ಇದು ಪರದೇಶದ ವಿದ್ಯೆ ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು ಮುಂಬಯಿಯಲ್ಲಿ ಹೆಸರಾದ ವಿಠ್ಠಲ ನಾಗೇಶ ಶಿರೋಡಕರ್ ಅವರು ಗರ್ಭಕೋಶವನ್ನು ಉಳಿಸಿಕೊಂಡೇ ಮೇಲಕ್ಕೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು. ಅವರು ತೀರಿಕೊಂಡದ್ದು 1971ರಲ್ಲಿ.

ಈಗ ಮಠಗಳ ಮುಂದೆ ನನ್ನ ಬಿನ್ನಹ. ನಮ್ಮವರು ವಿದ್ಯೆಗೆ ಮಾಡಿದ್ದು ಸಣ್ಣದಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆಎಲ್ಇ ಸಂಸ್ಥೆ 1963ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಸುತ್ತೂರು ಮಠದ ಜೆಎಸ್ಎಸ್ 1984ರಲ್ಲಿ ಮೈಸೂರಿನಲ್ಲಿ ತೆರೆಯಿತು. ಸೀಟುಗಳ ಲೆಕ್ಕ ನಮಗೆಲ್ಲ ಬಾಯಿಪಾಠ. ಆ ಸೀಟಿನಲ್ಲಿ ಓದಿದವರು ಕಡೂರಿಗೆ ಯಾಕೆ ಬರುವುದಿಲ್ಲ ಎಂದು ನಾವು ಕೇಳುವುದಿಲ್ಲ. ಇನ್ನೊಂದು ಕಲ್ಯಾಣ ಮಂಟಪಕ್ಕೆ ಚಂದಾ ಎತ್ತುವ ಬದಲು, ಈ ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡುತ್ತಿರುವ ಸ್ತ್ರೀರೋಗ ತಜ್ಞೆಯರಲ್ಲಿ ಒಬ್ಬರನ್ನು, ಯಾವ ಜಾತಿಯವರಾದರೂ ಸರಿ, ಫೆಲೋಶಿಪ್ಪಿಗೆ ಕಳಿಸೋಣ. ಆ ಅವಧಿಯ ಮನೆಯ ಖರ್ಚು ನಮ್ಮದು. ಮರಳಿ ಬಂದು ಐದು ವರ್ಷ ಇಲ್ಲೇ ಇರುತ್ತೇನೆಂಬ ಕರಾರು ಅವರದು. ಇಲಾಖೆಗಳು ಎಂಜಿನಿಯರುಗಳನ್ನು ಹೀಗೆಯೇ ಮೇಲಿನ ಓದಿಗೆ ಕಳಿಸುತ್ತಿದ್ದವು.

ಮೂರು ತಾಲ್ಲೂಕಿಗೆ ಒಬ್ಬರು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಇಂಥ ಶಸ್ತ್ರಚಿಕಿತ್ಸೆ ಆಗಾಗ ಮಾಡುತ್ತಿದ್ದರೆ ಮಾತ್ರ ಕೈ ಪಳಗಿರುತ್ತದೆ, ಒಂದೇ ತಾಲ್ಲೂಕಿನಲ್ಲಿ ಕೂತರೆ ಅಷ್ಟು ಕೆಲಸ ಸಿಗುವುದು ಅನುಮಾನ. ವಾರದಲ್ಲಿ ಒಂದೊಂದು ದಿನ ಒಂದೊಂದು ಊರಿನಲ್ಲಿ ತಪಾಸಣೆ, ಶಸ್ತ್ರಚಿಕಿತ್ಸೆ ಒಂದೇ ಕಡೆ. ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಬೀರೂರಿನ ಮೂಲಕ ರೈಲಿದೆ. ಉಂಗುರ ಹಾಕುವುದು, ವ್ಯಾಯಾಮ ಕಲಿಸುವುದನ್ನು ಅವರು ಇಲ್ಲಿನ ವೈದ್ಯರಿಗೆ, ದಾದಿಯರಿಗೆ ಹೇಳಿಕೊಟ್ಟರೆ ಅರ್ಧ ಜನ ಆಪರೇಷನ್ ಕೋಣೆಯವರೆಗೆ ಹೋಗಬೇಕಾಗಿಯೇ ಬರಲಾರದು.

ಆದರೆ ತಜ್ಞೆ ಬಂದು ಕೂತರೂ ಅಕ್ಕನಂಥವರು ಬಾಗಿಲು ದಾಟಿ ಬರಬೇಕಲ್ಲ. ಇದು ಅಕ್ಕನ ಬಳಗದವರ ಕೆಲಸ. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದು, ಗಂಡಸರಿಲ್ಲದ ಗೋಷ್ಠಿಯಲ್ಲಿ ಈ ಮಾತು ಎತ್ತಬೇಕು. ಗಂಡಸರ ಗೋಷ್ಠಿಯಲ್ಲಿ ಸ್ವಾಮೀಜಿಯವರೇ ಎತ್ತಬೇಕು. ಮೂತ್ರ ಸೋರುವವಳು ಲಿಂಗ ಮುಟ್ಟಬಹುದು ಎಂದು ಪೀಠದಿಂದ ಒಂದು ಸಲ ಸ್ಪಷ್ಟವಾಗಿ ಕೇಳಿಬರಲಿ. ವೈದ್ಯವೃತ್ತಿಯನ್ನೇ ಕಾಯಕವಾಗಿ ಹಿಡಿದ ವೈದ್ಯ ಸಂಗಣ್ಣನವರಂಥ ಶರಣರ ಪರಂಪರೆಯಲ್ಲಿ ಆ ಮಾತಿಗೆ ನಾಚಬೇಕಾದ್ದೇನಿದೆ?

ಈ ಲೇಖನ ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ಹೆಸರು ಹಾಕಬೇಡ, ಊರು ಹಾಕಬೇಡ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಮನೆಯವಳಿಗೂ ಹೀಗೇ ಇದೆ, ಆ ಡಾಕ್ಟರಮ್ಮ ಯಾವ ದಿನ ಸಿಗುತ್ತಾರೆ ಎಂದು ಕೇಳಿದಳು. ಅವರಿರುವ ಊರಿಗೆ ಹೋಗಿಬರಲು ಎರಡು ದಿನ ಬೇಕು. ಅಡಿಕೆ ಸುಲಿಯುವ ಹಂಗಾಮು, ಪಕ್ಕದ ಮನೆಯವಳು ಕೂಲಿ ಬಿಟ್ಟು ಹೊರಡುವವಳಲ್ಲ. ನನ್ನ ಎರಡು ತಿಂಗಳ ಪಿಂಚಣಿಯನ್ನು ಈ ಕೆಲಸಕ್ಕೆಂದು ಎತ್ತಿಟ್ಟಿದ್ದೇನೆ. ಮೂರು ತಾಲ್ಲೂಕುಗಳ ಘಟಕಗಳು ಮುಂದಿನ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.