ಪೇಟೆಯ ಸುಖವನ್ನು ಹಿರಿಯರಿಗೆ ತಪ್ಪಿಸಬೇಡಿ

‘ಇಲ್ಲೇನಿದೆ ಡಾಕ್ಟ್ರೇ? ಹೊಗೆ, ಧೂಳು, ಗದ್ದಲ. ನಮ್ಮೂರ ಗಾಳಿ ಕುಡಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.’ ಮಲೆನಾಡಿನಿಂದ ಬೆಂಗಳೂರಿಗೆ ಬಂದು ಮಗನ ಅಥವಾ ಮಗಳ ಮನೆಯಲ್ಲಿ ನೆಲೆಸಿದ ಹಿರಿಯರು ಸಾಮಾನ್ಯವಾಗಿ ಆಡುವ ಮಾತಿದು. ಪೂರ್ತಿ ಸುಳ್ಳೇನಲ್ಲ. ಆದರೆ ಇದನ್ನೇ ನಂಬಿಕೊಂಡು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಟಿ.ವಿ. ಮುಂದೆ ದಿನ ಕಳೆಯುವವರ ಆರೋಗ್ಯ ಹೊಗೆಗಿಂತ ಬೇಗ ಕೆಡುವುದು ಕೂತಲ್ಲೇ ಕೂರುವುದರಿಂದ.

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಡೆಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರನ್ನೇ ನೋಡಿ. ಸುತ್ತ ಕಾಫಿ ತೋಟ, ಅದರಾಚೆ ಕಾಡು. ಅಲ್ಲಿ ಬಾಳಿದ ಹಿರಿಯರು ವ್ಯಾಯಾಮವೆಂದು ಪ್ರತ್ಯೇಕವಾಗಿ ಏನನ್ನೂ ಮಾಡಿದವರಲ್ಲ. ಬೆಳಿಗ್ಗೆ ಎದ್ದು ತೋಟಕ್ಕೊಂದು ಸುತ್ತು, ಏರು ಹತ್ತಿ ಇಳಿದು ಬರುವುದು. ಕೊಯ್ಲಿನ ಕಾಲದಲ್ಲಿ ಕಣದ ಬಳಿ ನಿಂತು ಕಾಫಿ ಒಣಗುವುದನ್ನು ನೋಡಿಕೊಳ್ಳುವುದು. ಹೂಮಳೆ ಬಿತ್ತೋ ಇಲ್ಲವೋ ಎಂದು ಪಕ್ಕದ ತೋಟದವರೊಡನೆ ಚರ್ಚಿಸುವುದು. ಹೆಂಗಸರಿಗೆ ಹಟ್ಟಿ, ಹಿತ್ತಲು, ಕೆಸುವಿನ ಸೊಪ್ಪು, ಬಚ್ಚಲೊಲೆಯ ಸೌದೆ. ನಡಿಗೆಯೂ ಮಾತೂ ಕೆಲಸದೊಳಗೇ ಬೆರೆತಿದ್ದವು.

ಬೆಂಗಳೂರಿಗೆ ಬಂದ ದಿನ ಇದೆಲ್ಲವೂ ಒಮ್ಮೆಗೇ ನಿಂತುಹೋಗುತ್ತದೆ. ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ: ‘ಅಪ್ಪಯ್ಯ, ನೀವು ಹೊರಗೆಲ್ಲ ಹೋಗಬೇಡಿ, ಬಿದ್ದುಗಿದ್ದೀರಿ. ಏನು ಬೇಕೋ ಹೇಳಿ, ಹತ್ತು ನಿಮಿಷದಲ್ಲಿ ತರಿಸುತ್ತೇನೆ.’ ಈ ಪ್ರೀತಿ ಎಷ್ಟು ದುಬಾರಿ ಎಂಬುದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಆರೋಗ್ಯವಂತ ವೃದ್ಧರನ್ನು ಕೇವಲ 10 ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಇದು 2007ರಲ್ಲಿ ಪ್ರಕಟವಾದ ವರದಿ. ಸೋಫಾ ಹಾಸಿಗೆಯಷ್ಟು ಕೆಟ್ಟದ್ದಲ್ಲ, ನಿಜ. ಆದರೆ ಸೋಫಾದ ಮೇಲೆ ಕಳೆಯುವುದು ಹತ್ತು ದಿನವಲ್ಲ, ವರ್ಷಗಟ್ಟಲೆ. ಕಾಲು ಸೋತವರೇ ಬೀಳುವುದು. ಬೀಳಬಾರದೆಂದು ಮನೆಯೊಳಗೆ ಕೂರಿಸಿದ ತಂದೆ ಕೊನೆಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ವೈದ್ಯರಿಗೆ ಹೊಸ ಸಂಗತಿಯಲ್ಲ.

ಇನ್ನು ಒಂಟಿತನ. ಇದನ್ನು ಮನಸ್ಸಿನ ಖಯಾಲಿ ಎಂದು ತಳ್ಳಿಹಾಕುವ ಕಾಲ ಮುಗಿಯಿತು. 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನಸಂಪರ್ಕ ಚೆನ್ನಾಗಿರುವವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಹೆಚ್ಚೆಂದು ಕಂಡುಬಂತು. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಹೇಳಿತು. ಹಾಗೆಂದು ‘ಊರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು’ ಎನ್ನುವಂತೆಯೂ ಇಲ್ಲ. ಮಲೆನಾಡಿನ ಮನೆಗಳು ಒಂದರಿಂದೊಂದು ದೂರ. ಮಕ್ಕಳೆಲ್ಲ ಹೊರಗೆ ಹೋದ ಮೇಲೆ, ಜೊತೆಗಿದ್ದವರೂ ಇಲ್ಲವಾದ ಮೇಲೆ, ಆಷಾಢದ ಮಳೆಯಲ್ಲಿ ಕರೆಂಟಿಲ್ಲದ ದೊಡ್ಡ ಮನೆಯಲ್ಲಿ ಒಬ್ಬರೇ ಕೂರುವುದು ಯಾವ ಆರೋಗ್ಯ? ಗಾಳಿಯೊಂದು ಶುದ್ಧವಾಗಿದ್ದರೆ ಸಾಲದು.

ಆದ್ದರಿಂದ ಪೇಟೆಗೆ ಬಂದವರು ಪೇಟೆಯನ್ನು ಅನುಭವಿಸಬೇಕು. ಬೆಂಗಳೂರಿನಲ್ಲಿ ಮಲ್ಲಂದೂರಿನ ಕಾಡಿಲ್ಲ. ಆದರೆ ಕಾಲ್ನಡಿಗೆಯಲ್ಲೇ ಸಿಗುವ ನೂರು ಸಣ್ಣ ಸುಖಗಳಿವೆ. ಅವು ಮಾತ್ರೆಯ ಚೀಟಿಯಲ್ಲಿ ಬರೆಯಲು ಯೋಗ್ಯವಾದಂಥವು.

ಮೊದಲನೆಯದು ಸೊಪ್ಪು ತರಕಾರಿ. ಕೊತ್ತಂಬರಿ ಸೊಪ್ಪನ್ನು ದಯವಿಟ್ಟು ಮೊಬೈಲಿನಲ್ಲಿ ತರಿಸಬೇಡಿ, ತಂದೆಯವರನ್ನೋ ಅತ್ತೆಯವರನ್ನೋ ಕಳುಹಿಸಿ. ಅಂಗಡಿಗೆ ಹೋಗಿಬರುವ ಹದಿನೈದು ಹದಿನೈದು ನಿಮಿಷ ಸೇರಿದರೆ ಅರ್ಧ ಗಂಟೆ. ವಾರಕ್ಕೆ ಐದು ದಿನ ಹೋದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳುವ ಕನಿಷ್ಠ ಲೆಕ್ಕವೂ ಇದೇ. ಸ್ವಲ್ಪ ಬಿರುಸಾಗಿ ನಡೆಯಬೇಕು, ಅಷ್ಟೆ. ಇದರ ಜೊತೆಗೆ ಸೊಪ್ಪಿನವಳೊಡನೆ ಚೌಕಾಸಿ, ಚಿಲ್ಲರೆಯ ಲೆಕ್ಕ, ‘ನಿನ್ನೆ ಯಾಕೆ ಬರಲಿಲ್ಲ ಯಜಮಾನ್ರೇ’ ಎಂಬ ವಿಚಾರಣೆ. ಒಬ್ಬರು ಬರಲಿಲ್ಲವೆಂದು ಇನ್ನೊಬ್ಬರು ಗಮನಿಸುವುದು ವೃದ್ಧಾಪ್ಯದಲ್ಲಿ ಸಣ್ಣ ಮಾತಲ್ಲ.

ಎರಡನೆಯದು ದರ್ಶಿನಿಯ ಕಾಫಿ. ಜೀವಮಾನವಿಡೀ ಕಾಫಿ ಬೆಳೆದವರು ಪೇಟೆಯ ಕಾಫಿ ಬಾಯಿಗಿಟ್ಟೊಡನೆ ‘ಚಿಕೋರಿ ಎಷ್ಟು ಸುರಿದಿದ್ದಾನಪ್ಪ’ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಮರುದಿನವೂ ಹೋಗುತ್ತಾರಲ್ಲ, ಅದು ಮುಖ್ಯ. ನಿಂತು ಕುಡಿಯುವ ಆ ಸಣ್ಣ ಲೋಟದ ಸುತ್ತ ಗೆಳೆತನ ಬೆಳೆಯುತ್ತದೆ. ಇಬ್ಬರು ಸೇರಿ ಬೈಟು ಕುಡಿದರಂತೂ ಲಾಭವೇ ಹೆಚ್ಚು, ಕಾಫಿ ಅರ್ಧ, ಮಾತು ದುಪ್ಪಟ್ಟು. ಸಕ್ಕರೆ ಕಾಯಿಲೆಯವರು ಸಕ್ಕರೆ ಹಾಕದೆ ಕೊಡುವಂತೆ ಮೊದಲೇ ಹೇಳಲಿ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ ಬಿಡಲಿ, ಇಲ್ಲವಾದರೆ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿದ್ದೆ ಬಾರದವರು ಸಂಜೆ ನಾಲ್ಕರ ನಂತರ ಬೇಡ.

ಆಮೇಲೆ ನೋಡುವ, ಕೇಳುವ ಸುಖ. ಲಾಲ್‌ಬಾಗಿನ 240 ಎಕರೆಯಲ್ಲಿ ಗಿಡಮರ ಬಲ್ಲ ಮಲೆನಾಡಿನವರಿಗೆ ಪರಿಚಯದ ಮುಖಗಳು ಸಿಕ್ಕೇ ಸಿಗುತ್ತವೆ. ಬಸವನಗುಡಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಅದೇ ವರ್ಷ ಬಿ.ಪಿ. ವಾಡಿಯಾ ಅವರು ಆರಂಭಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕೂಡ ಅಲ್ಲೇ ಇದೆ. ಪುಸ್ತಕ, ಉಪನ್ಯಾಸ, ಸಂಗೀತ ಎಲ್ಲವೂ ಅಲ್ಲುಂಟು. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಬಂದದ್ದು. ಇವೆಲ್ಲ ಕಾಲಹರಣವೆನ್ನುವವರಿಗೆ ಒಂದು ಮಾತು: ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು 14 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಲವು ತಿಂಗಳಿಗೊಮ್ಮೆಯಾದರೂ ಸಂಗೀತ, ನಾಟಕ, ಕಲಾಪ್ರದರ್ಶನಗಳಿಗೆ ಹೋಗುವವರಲ್ಲಿ ಸಾವಿನ ಸಂಭವ ಶೇ 31ರಷ್ಟು ಕಡಿಮೆಯಿತ್ತು. ಆರೋಗ್ಯ ಮತ್ತು ಅನುಕೂಲ ಇದ್ದವರೇ ಹೆಚ್ಚಾಗಿ ಹೋಗುತ್ತಾರೆಂಬುದನ್ನು ಕಳೆದು ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಉಳಿಯಿತು. ಸಂಗೀತದಿಂದಲೇ ಆಯುಸ್ಸು ಬೆಳೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ನಷ್ಟವಂತೂ ಇಲ್ಲ.

‘ನಮ್ಮ ಮನೆ ಬಸವನಗುಡಿಯಲ್ಲಲ್ಲ, ವೈಟ್‌ಫೀಲ್ಡಿನಲ್ಲಿ’ ಎನ್ನುವಿರಾ? 2023ರಿಂದ ಅಲ್ಲಿಗೂ ಮೆಟ್ರೊ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಹಿರಿಯರು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರೆ ಮೂರನೆಯ ನಿಲ್ದಾಣವೇ ಲಾಲ್‌ಬಾಗ್. ಲಿಫ್ಟುಂಟು, ಶೌಚಾಲಯವುಂಟು. ಹೆಂಗಸರಿಗಂತೂ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಟಿಕೆಟ್ ಉಚಿತ. ಈ ಯೋಜನೆಯ ಬಗ್ಗೆ ರಾಜಕೀಯದ ವಾದ ಏನೇ ಇರಲಿ, ಮಗನ ಮುಂದೆ ಕೈಚಾಚದೆ ಮನೆಯಿಂದ ಹೊರಡುವ ಅಜ್ಜಿಯನ್ನು ವೈದ್ಯನ ಕಣ್ಣಿನಿಂದ ನೋಡಿದರೆ ಅದು ಆರೋಗ್ಯ ಯೋಜನೆಯೂ ಹೌದು.

ತೊಡಕುಗಳಿವೆ, ಮುಚ್ಚಿಡುವುದಿಲ್ಲ. ಬೆಂಗಳೂರಿನ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿ ಮಾಡಿದ ಮಿತಿಗಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ದೊಡ್ಡ ರಸ್ತೆ ಬಿಟ್ಟು ಒಳರಸ್ತೆ ಹಿಡಿಯಿರಿ. ಉಬ್ಬಸ, ಹೃದಯದ ತೊಂದರೆ ಇರುವವರು ವಾಹನ ದಟ್ಟಣೆಯ ಹೊತ್ತನ್ನು ತಪ್ಪಿಸಿ. ಫುಟ್‌ಪಾತಿನ ಕಥೆ ಎಲ್ಲರಿಗೂ ಗೊತ್ತು. ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಪಾದರಕ್ಷೆ ಹಾಕಿ, ಕೋಲು ಹಿಡಿಯಲು ನಾಚಬೇಡಿ. ಅಡಿಗೆಮನೆಯ ಕಟ್ಟೆ ಹಿಡಿದುಕೊಂಡು ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಮಾಡಿದರೆ ಆಯ ತಪ್ಪುವುದು ಕಡಿಮೆಯಾಗುತ್ತದೆ.

ಆದರೆ ಹಿರಿಯರನ್ನು ನಿಜವಾಗಿ ಮನೆಯೊಳಗೆ ಕಟ್ಟಿಹಾಕುವ ಸಂಗತಿಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅದು ಮೂತ್ರದ ತೊಂದರೆ. ದಾರಿಯಲ್ಲಿ ಅವಸರವಾದರೆ ಏನು ಗತಿ ಎಂಬ ಅಂಜಿಕೆಯಿಂದ ಹೊರಡುವುದನ್ನೇ ಬಿಡುತ್ತಾರೆ. ಹೊರಟರೂ ನೀರು ಕುಡಿಯುವುದಿಲ್ಲ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೂ ಹೆಂಗಸರ ಮೂತ್ರ ತಡೆಯಲಾಗದ ತೊಂದರೆಗೂ ಚಿಕಿತ್ಸೆ ಇದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಅದರ ಹೊತ್ತನ್ನು ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕಿವಿ ಮಂದವಾದವರದೂ ಇದೇ ಪಾಡು, ಮಾತು ಕೇಳದೆ ನಾಲ್ಕು ಜನರ ನಡುವೆ ಪೆಚ್ಚಾಗುವುದಕ್ಕಿಂತ ಮನೆಯೇ ವಾಸಿ ಎಂದುಕೊಳ್ಳುತ್ತಾರೆ. ಕೇಳಿಸದಿರುವುದು, ಜನರಿಂದ ದೂರವಾಗುವುದು ಎರಡೂ ಮರೆಗುಳಿತನದ ಅಪಾಯವನ್ನು ಹೆಚ್ಚಿಸುವ ಕಾರಣಗಳೆಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದೆ. ಶ್ರವಣಯಂತ್ರಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡುವವರು ಅದೇ ವರ್ಷ ಹೊಸ ಟಿ.ವಿ. ಕೊಳ್ಳುವುದನ್ನು ಕಂಡರೆ ಬೇಸರವಾಗುತ್ತದೆ.

ಮಕ್ಕಳು ಮಾಡಬೇಕಾದದ್ದು ಬಹಳವಿಲ್ಲ. ಎರಡು ಭಾನುವಾರ ಜೊತೆಯಲ್ಲಿ ಹೋಗಿ ಬಸ್ಸು, ಮೆಟ್ರೊ ತೋರಿಸಿಕೊಡಿ. ಮನೆಯ ವಿಳಾಸ, ಫೋನ್ ನಂಬರ್, ನುಂಗುವ ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಜೇಬಿನಲ್ಲಿಡಿ. ಮೂರನೆಯ ಭಾನುವಾರ ಅವರೊಬ್ಬರನ್ನೇ ಬಿಡಿ. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ ‘ಎಲ್ಲಿದ್ದೀರಿ’ ಎಂದು ಪೀಡಿಸಬೇಡಿ. ಆನೆ ಓಡಾಡುವ ಸೀಮೆಯಲ್ಲಿ ತೋಟ ಸುತ್ತಿದವರಿಗೆ ಜಯನಗರದ ನಾಲ್ಕನೇ ಬ್ಲಾಕ್ ದೊಡ್ಡದಲ್ಲ. ಮರೆವಿನ ಕಾಯಿಲೆ ಇರುವವರ ವಿಷಯ ಬೇರೆ, ಅವರೊಡನೆ ಯಾರಾದರೂ ಇರಲೇಬೇಕು.

ಬೆಂಗಳೂರೇ ಆಗಬೇಕೆಂದೇನಿಲ್ಲ. ಮಕ್ಕಳು ಚಿಕ್ಕಮಗಳೂರು ಪೇಟೆಯಲ್ಲಿ ಮನೆ ಮಾಡಿದ್ದರೆ ರತ್ನಗಿರಿ ಬೋರೆಯ ಉದ್ಯಾನವಿದೆ, ಎಂ.ಜಿ. ರಸ್ತೆಯ ಸಂಜೆಯಿದೆ, ಕುವೆಂಪು ಕಲಾಮಂದಿರದಲ್ಲಿ ಕಾರ್ಯಕ್ರಮಗಳಿವೆ. ಊರಿನವರೂ ಕೆಲಸಕ್ಕೆಂದು ಬಂದು ಸಿಗುತ್ತಾರೆ.

ಬೆಂಗಳೂರಿನಲ್ಲಿರುವವರು ಕಾರ್ತಿಕದ ಕೊನೆಯ ಸೋಮವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಂದು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸಂಜೆಯ ನೂಕುನುಗ್ಗಲಿಗೆ ಮುಂಚೆ, ಬೆಳಿಗ್ಗೆಯೇ ಹೋಗಿಬನ್ನಿ. ಹಲ್ಲು ಗಟ್ಟಿಯಿಲ್ಲದವರು ಬೇಯಿಸಿದ ಕಾಯಿ ಕೊಳ್ಳಲಿ. ರಕ್ತದೊತ್ತಡದವರು ಉಪ್ಪು ಹಾಕದ ಹುರಿದ ಕಾಯಿ ಒಂದು ಹಿಡಿ ತಿನ್ನಬಹುದು, ಮಿಕ್ಕಿದ್ದನ್ನು ಮೊಮ್ಮಕ್ಕಳಿಗೆ ತರಲಿ.