ಎರಡು ಸ್ಲ್ಯಾಶ್ ಮಂತ್ರ ಬೇಡ ಗುರು (ಜಾವಾ ಪುರಾಣ, ಭಾಗ 3)

"500|200" ಅನ್ನೋ ಸಾಲನ್ನ ಜಾವಾದಲ್ಲಿ ಸ್ಪ್ಲಿಟ್("|") ಅಂತ ಒಡೆದು ನೋಡಿ. 500 ಒಂದು ಕಡೆ, 200 ಒಂದು ಕಡೆ ಬರತ್ತೆ ಅನ್ಕೊಂಡಿರ್ತೀರಾ. ಬರಲ್ಲ. ಒಂದೊಂದು ಅಕ್ಷರಾನೂ ಬೇರೆಯಾಗಿ ಏಳು ತುಂಡು! ಜಾವಾ 8ರಿಂದ ಈಚೆಗೆ ಮೊದಲನೇ ತುಂಡು ಬರೀ 5. ಎರರ್ ಇಲ್ಲ, ಕೆಂಪು ಗೆರೆ ಇಲ್ಲ. ಐನೂರು ರೂಪಾಯಿ ಐದು ರೂಪಾಯಿ ಆಗಿ ತಣ್ಣಗೆ ಮುಂದಕ್ಕೆ ಹೋಗತ್ತೆ.

ಯಾಕೆ ಹೀಗೆ ಅಂತ ಲ್ಯಾಬಲ್ಲಿ ಕೇಳಿದ್ರೆ ಸಿಗೋ ಉತ್ತರ ಒಂದೇ: "ಎರಡು ಬ್ಯಾಕ್‌ಸ್ಲ್ಯಾಶ್ ಹಾಕ್ಬಿಡು, ಸರಿಹೋಗತ್ತೆ." ರೆಕಾರ್ಡ್ ಬುಕ್ಕಲ್ಲಿ ಹಾಗೇ ಬರ್ಕೊಂಡು ಸೈನ್ ಹಾಕಿಸ್ಕೊಂಡು ಬರ್ತೀವಿ. ನಂಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ಕಾರಣ ಹೇಳದೆ ಕಟ್ಟಿ ಕಳಿಸೋದು ಪಾಠ ಅಲ್ಲ, ತಾಯತ.

ಅಸಲಿ ವಿಷಯ ಏನಂದ್ರೆ, ಸ್ಪ್ಲಿಟ್ ಕೇಳೋದು ಬರೀ ಅಕ್ಷರ ಅಲ್ಲ, ರೆಗ್ಯುಲರ್ ಎಕ್ಸ್‌ಪ್ರೆಶನ್. ಅಲ್ಲಿ | ಅಂದ್ರೆ 'ಇದು, ಇಲ್ಲಾಂದ್ರೆ ಅದು'. ಎರಡೂ ಕಡೆ ಏನೂ ಬರೆದಿಲ್ಲ ಅಂದ್ರೆ 'ಖಾಲಿ, ಇಲ್ಲಾಂದ್ರೆ ಖಾಲಿ'. ಆ ಖಾಲಿ ಪ್ರತಿ ಅಕ್ಷರದ ಮಧ್ಯದಲ್ಲೂ ಸಿಗತ್ತಲ್ಲ, ಅಲ್ಲೆಲ್ಲ ಕತ್ತರಿ. ಚುಕ್ಕಿ ಅಂದ್ರೆ 'ಯಾವ ಅಕ್ಷರ ಆದ್ರೂ ಸರಿ'. ಅದಕ್ಕೇ "1250.50" ಅನ್ನ ಸ್ಪ್ಲಿಟ್(".") ಮಾಡಿದ್ರೆ ಎಲ್ಲಾ ಕತ್ತರಿಗೇ ಹೋಗಿ ಸೊನ್ನೆ ತುಂಡು. ರೂಪಾಯಿನೂ ಇಲ್ಲ, ಪೈಸೆನೂ ಇಲ್ಲ 😑 (ಸ್ಲ್ಯಾಶ್ ಎರಡೇ ಯಾಕೆ? ಒಂದನ್ನ ಜಾವಾ ಸ್ಟ್ರಿಂಗೇ ನುಂಗತ್ತೆ, ಒಳಗೆ ತಲುಪೋದು ಇನ್ನೊಂದು.)

"ಡಾಕ್ಯುಮೆಂಟೇಶನ್‌ನಲ್ಲಿ ಇದೆ, ಓದ್ಕೊಳ್ಳಿ" ಅನ್ನೋ ಸೀನಿಯರ್‌ಗಳೇ, ಇದೆ, ಒಪ್ತೀನಿ. ಆದ್ರೆ ಅದೇ ಸ್ಟ್ರಿಂಗ್ ಕ್ಲಾಸಲ್ಲಿ ಕಂಟೇನ್ಸ್, ಇಂಡೆಕ್ಸ್‌ಆಫ್ ಎರಡೂ | ಅನ್ನ ಬರೀ | ಆಗೇ ಹುಡುಕ್ತವೆ. ರಿಪ್ಲೇಸ್ ಕೂಡ ಹಾಗೇ, ಸಿಕ್ಕಿದ್ದನ್ನೆಲ್ಲ ಬದಲಾಯಿಸತ್ತೆ. ರಿಪ್ಲೇಸ್‌ಆಲ್‌ಗೆ ಮಾತ್ರ ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇಕು! ಹೆಸರು ನೋಡಿದ್ರೆ ಯಾರಿಗೆ ಗೊತ್ತಾಗ್ಬೇಕು ಸ್ವಾಮಿ?

ತಾಯತದ ಬದಲು ಪ್ಯಾಟರ್ನ್.ಕೋಟ್("|") ಕಲಿಸಿ. 'ಇದನ್ನ ಇದ್ದ ಹಾಗೇ ತಗೋ' ಅಂತ ಅರ್ಥ. ಯಾವ್ಯಾವ ಚಿಹ್ನೆ ಸ್ಪೆಷಲ್ ಅಂತ ಬಾಯಿಪಾಠ ಹೊಡೆಯೋ ಕೆಲಸಾನೇ ಇಲ್ಲ.

ಓಪನ್ ಎಲೆಕ್ಟಿವ್ ಅಂತ ಜಾವಾ ತಗೊಂಡಿರೋ ನಮ್ ಬಿಕಾಂನೋರು ಇದನ್ನೂ ನೋಡಿ: "ಬಾಡಿಗೆ|5000||". ನಾಲ್ಕು ಕಾಲಂ, ಕೊನೇ ಎರಡು ಖಾಲಿ. ಕೋಟ್ ಹಾಕಿ ಸರಿಯಾಗೇ ಒಡೆದ್ರೂ ಎರಡೇ ತುಂಡು ಬರತ್ತೆ. ಕೊನೇಲಿರೋ ಖಾಲಿಗಳನ್ನ ಜಾವಾ ಸದ್ದಿಲ್ಲದೆ ಬಿಸಾಕತ್ತೆ. ಒಂದು ಕಾಮಾ ಹಾಕಿ -1 ಸೇರಿಸಿದ್ರೆ ಮಾತ್ರ ನಾಲ್ಕೂ ಉಳಿಯತ್ತೆ. ಲೆಡ್ಜರಲ್ಲಿ ಕ್ರೆಡಿಟ್ ಕಾಲಂ ಖಾಲಿ ಇದೆ ಅಂದ್ರೆ ಆ ಕಾಲಮ್ಮೇ ಇಲ್ಲ ಅಂತ ಅಲ್ವಲ್ಲ! ಇದನ್ನ ಯಾವ ರೆಕಾರ್ಡ್ ಬುಕ್ಕಲ್ಲಿ ಬರೆಸಿದ್ದಾರೆ ತೋರ್ಸಿ.

ಮುಂದಿನ ಲ್ಯಾಬಲ್ಲಿ ನಾನಂತೂ ಎದ್ದು ನಿಂತು ಕೇಳ್ತೀನಿ. ಜೊತೆಗೆ ಯಾರ್ ಬರ್ತೀರಾ? 👇