ಯಂತ್ರದ ಬಳಿಗೆ ಬರಲೇಬೇಕಾದ ಮಗು

ಸಾಂಕ್ರಾಮಿಕ ಜಾಡ್ಯವು ಹಬ್ಬಿದಾಗ ಬಾಗಿಲು ಮುಚ್ಚಿಕೊಂಡು ಮನೆಯೊಳಗಿರುವುದೇ ಕ್ಷೇಮವೆಂದು 2020ನೆಯ ಇಸವಿಯಲ್ಲಿ ನಾವೆಲ್ಲರೂ ಕಲಿತೆವು. ಆ ವರ್ಷದ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮನೆ ಸೇರಿತು. ಬಸ್ಸುಗಳೂ ರೈಲುಗಾಡಿಗಳೂ ನಿಂತವು. ಆದರೆ ಬಾಗಿಲು ಮುಚ್ಚಿಕೊಳ್ಳಲಾಗದ ಮನೆಗಳೂ ಕೆಲವಿದ್ದವು. ಮೂತ್ರಪಿಂಡಗಳು ಕೆಟ್ಟು, ಹಿಮೋಡಯಾಲಿಸಿಸ್ ಎಂಬ ಕ್ರಮದಿಂದ ರಕ್ತವನ್ನು ಯಂತ್ರದಲ್ಲಿ ಶುದ್ಧಿಮಾಡಿಸಿಕೊಳ್ಳುವವರ ಮನೆಗಳು ಅವು. ಸಾಮಾನ್ಯವಾಗಿ ವಾರಕ್ಕೆ ಮೂರು ಸಾರಿ, ಪ್ರತಿಸಾರಿಯೂ ಸುಮಾರು ನಾಲ್ಕು ಗಂಟೆ ಈ ಚಿಕಿತ್ಸೆ ನಡೆಯಬೇಕು. ಅದು ತಪ್ಪಿದರೆ ನೀರು ಶ್ವಾಸಕೋಶಗಳಲ್ಲಿ ತುಂಬುವುದು. ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಇಂಥವರಲ್ಲಿ ಮಕ್ಕಳೂ ಇರುವರೆಂಬುದನ್ನು ನಾವು ಮರೆಯುತ್ತೇವೆ.

ಸಂಡೂರು ತಾಲ್ಲೂಕಿನಲ್ಲಿ, ತೋರಣಗಲ್ಲಿನ ನೆರೆಯ ವಡ್ಡುವಿನಲ್ಲಿ ಅಂಥ ಮಗುವೊಂದು ಇದೆಯೆಂದು ಭಾವಿಸೋಣ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ದೊರೆಯಲೆಂದು 2016ರಲ್ಲಿ ರಾಷ್ಟ್ರೀಯ ಯೋಜನೆಯೊಂದು ಹೊರಟಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಮಕ್ಕಳ ಮೂತ್ರಪಿಂಡಗಳ ತಜ್ಞರು ಬೆಂಗಳೂರಿನಂತಹ ನಗರಗಳಲ್ಲಿಯೇ ಹೆಚ್ಚು. ಯಂತ್ರವು ಹತ್ತಿರ ಬಂದ ಮಾತ್ರಕ್ಕೆ ಮಗುವಿಗೆ ತಕ್ಕ ಶುಶ್ರೂಷೆಯೂ ಬಂದಂತಾಗಲಿಲ್ಲ.

ಏಕೆಂದರೆ ಮಗುವು ಚಿಕ್ಕ ಆಕಾರದ ದೊಡ್ಡವನಲ್ಲ. ಹದಿನೈದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತವು ಸುಮಾರು 1,200 ಮಿಲಿಲೀಟರು. ಅದರ ಹತ್ತನೆಯ ಒಂದು ಪಾಲಿಗಿಂತ, ಎಂದರೆ 120 ಮಿಲಿಲೀಟರಿಗಿಂತ ಹೆಚ್ಚು ರಕ್ತವು ಒಮ್ಮೆಗೆ ಹೊರಗಿನ ನಳಿಗೆಗಳಲ್ಲಿ ಇರಬಾರದೆಂಬುದು ವಾಡಿಕೆಯ ನಿಯಮ. ದೊಡ್ಡವರಿಗೆಂದು ಮಾಡಿದ ಸಲಕರಣೆಯು ಇಲ್ಲಿ ಸಲ್ಲದು. ನೀರನ್ನು ವೇಗವಾಗಿ ತೆಗೆದರೆ ರಕ್ತದ ಒತ್ತಡವು ಕುಸಿಯುವುದು. ಎಳೆಯ ಮಗುವು ಅದನ್ನು ಬಾಯಿಬಿಟ್ಟು ಹೇಳಲಾರದು. ಆಕಳಿಸುವುದು, ಸುಮ್ಮನಾಗುವುದು, ಹೊಟ್ಟೆನೋವೆಂದು ಅಳುವುದು—ಇವನ್ನು ಓದಬಲ್ಲ ಕಣ್ಣು ದಾದಿಯದು. ಬಳ್ಳಾರಿಯ ಬಿಸಿಲಿನಲ್ಲಿ ನೀರನ್ನು ಅಳೆದು ಕುಡಿಯಬೇಕಾದ ಮಗುವನ್ನು ಸಂತೈಸುವುದೂ, ನೋಡಲು ಬಂದ ನೆಂಟರು ಅಕ್ಕರೆಯಿಂದ ತಂದ ಬಾಳೆಯ ಹಣ್ಣನ್ನೂ ಎಳನೀರನ್ನೂ ಪೊಟ್ಯಾಸಿಯಂ ಭಯದಿಂದ ವಿನಯವಾಗಿ ದೂರವಿಡುವುದೂ ಅವಳ ಕೆಲಸವೇ.

ಇಂಥ ಕೋಣೆಗೆ ಉಸಿರಿನ ಜಾಡ್ಯವು ಹೊಕ್ಕರೆ ಗತಿಯೇನು? ಕೆಮ್ಮಿದಾಗ, ಮಾತನಾಡಿದಾಗ, ಬರಿಯ ಉಸಿರಾಟದಲ್ಲಿಯೂ ಹೊರಡುವ ಸೂಕ್ಷ್ಮ ಕಣಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಸಾಲುಮಂಚಗಳ ಮೇಲೆ ನಾಲ್ಕು ಗಂಟೆ ಮಲಗಿರುವವರು ಒಬ್ಬರ ಉಸಿರನ್ನೊಬ್ಬರು ಹಂಚಿಕೊಳ್ಳುವರು. ಆದರೂ ಜ್ವರದ ಭಯದಿಂದ ಮಗುವನ್ನು ಮನೆಯಲ್ಲಿಯೇ ಉಳಿಸುವುದು ಜಾಣತನವಲ್ಲವೆಂಬುದೇ ನಮ್ಮ ಅಭಿಪ್ರಾಯ. ಜಾಡ್ಯವು ತಗುಲಬಹುದು, ತಗುಲದಿರಲೂಬಹುದು. ಡಯಾಲಿಸಿಸ್ ತಪ್ಪುತ್ತ ಹೋದರೆ ಕೇಡು ನಿಶ್ಚಯ. ಆದಕಾರಣ ತಡೆಯಬೇಕಾದದ್ದು ಮಗುವನ್ನಲ್ಲ, ತಿದ್ದಬೇಕಾದದ್ದು ಕೋಣೆಯನ್ನು.

ಅದಕ್ಕೆ ಬೇಕಾದ ನಿಯಮಗಳು ಗಹನವಾದವುಗಳಲ್ಲ. ಬಾಗಿಲಲ್ಲಿಯೇ ಜ್ವರ ಕೆಮ್ಮುಗಳನ್ನು ವಿಚಾರಿಸುವುದು, ಸೋಂಕಿನ ಗುಮಾನಿಯುಳ್ಳವರನ್ನು ಹಿಂದಕ್ಕೆ ಕಳುಹಿಸದೆ ಬೇರೆ ಕೋಣೆಯಲ್ಲಿಯೋ ಕಡೆಯ ಸರದಿಯಲ್ಲಿಯೋ ಚಿಕಿತ್ಸೆ ನಡೆಸುವುದು, ಕಿಟಕಿಗಳನ್ನು ತೆರೆದಿಡುವುದು, ಮಂಚಗಳನ್ನು ದೂರವಿಡುವುದು, ಕೈ ತೊಳೆಯುವುದು. ಕುತ್ತಿಗೆಯ ರಕ್ತನಾಳಕ್ಕಿಳಿಸಿದ ನಳಿಗೆಯನ್ನು ಜೋಡಿಸುವಾಗ ದಾದಿಯೂ ರೋಗಿಯೂ ಮೂಗುಬಾಯಿಗಳನ್ನು ಮುಚ್ಚಿಕೊಳ್ಳುವ ಪದ್ಧತಿಯು ಕೋವಿಡಿಗೆ ಮೊದಲೇ ಇದ್ದಿತು. ಲೋಕವು ಭಯದಿಂದ ಕಲಿತದ್ದನ್ನು ಅವಳು ಶಿಸ್ತಿನಿಂದ ಬಲ್ಲವಳಾಗಿದ್ದಳು. ಆದರೆ ಹಲವು ಯಂತ್ರಗಳ ನಡುವೆ ಓಡಾಡುವ ಒಬ್ಬಳೇ ದಾದಿಯಿಂದ ಇದೆಲ್ಲವೂ ಆಗದು. ಎಳೆಯ ಮಗುವಿನ ಬಳಿ ಅದಕ್ಕೆಂದೇ ಒಬ್ಬ ದಾದಿಯೂ, ಸಂತೈಸಲು ತಾಯಿಯೂ ಇರಲೇಬೇಕು. ಎಷ್ಟು ಕಟ್ಟುನಿಟ್ಟಿನ ಕಾಲದಲ್ಲಿಯೂ ತಾಯಿಯನ್ನು ಹೊರಗೆ ನಿಲ್ಲಿಸುವ ನಿಯಮವನ್ನು ನಾವು ಒಪ್ಪಲಾರೆವು.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರು 2021ರ ಮೇ ತಿಂಗಳನ್ನು ನೆನೆಯಲಿ. ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ಉಪಯೋಗಿಸಿಕೊಂಡು ಇದೇ ತೋರಣಗಲ್ಲಿನಲ್ಲಿ ಒಂದು ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯು ಎದ್ದಿತು. ಅಂಥ ಕಾರ್ಯವನ್ನು ಮಾಡಿದ ಸೀಮೆಗೆ ಮಕ್ಕಳಿಗಾಗಿ ಗಾಳಿಯಾಡುವ ಒಂದು ಕೋಣೆಯೂ, ತರಬೇತಿ ಪಡೆದ ನಾಲ್ವರು ದಾದಿಯರೂ ಎಟುಕದ ವಸ್ತುಗಳೇ?

ಕೋವಿಡ್ ಲಸಿಕೆಯು ನಮ್ಮ ದೇಶದಲ್ಲಿ ಹದಿನೈದು ತುಂಬಿದವರಿಗೆ 2022ರ ಜನವರಿ 3ರಿಂದಲೂ, ಹನ್ನೆರಡು ತುಂಬಿದವರಿಗೆ ಮಾರ್ಚ್ 16ರಿಂದಲೂ ದೊರೆಯಿತು. ಅವರಿಗಿಂತ ಕಿರಿಯರಿಗೆ ಸುತ್ತಲಿನ ದೊಡ್ಡವರ ಲಸಿಕೆಯೂ ಎಚ್ಚರಿಕೆಯೂ ಕೋಟೆಯಾಗಿದ್ದವು. ಆದುದರಿಂದ ಬಸ್ಸಿನಲ್ಲಿ ಕೆಮ್ಮುವಾಗ ಬಾಯಿಗೆ ಸೆರಗನ್ನು ಹಿಡಿಯುವುದು ಬರಿಯ ಮರ್ಯಾದೆಯಲ್ಲ. ಪಕ್ಕದ ಆಸನದ ಮಗುವು ಯಂತ್ರದ ಬಳಿಗೆ ಹೊರಟಿರಬಹುದು.

ಈ ಪಾಠಶಾಲೆಯಿಂದ ಹೊರಟ ಸೋದರಿಯರಲ್ಲಿ ದಾದಿಯರಾದವರು ಈ ವಿದ್ಯೆಯ ಮಕ್ಕಳ ಭಾಗವನ್ನು ವಿಶೇಷವಾಗಿ ಕಲಿಯಲಿ ಎಂದು ಬೇಡುತ್ತೇವೆ. ತಂದೆತಾಯಿಗಳಲ್ಲಿ ನಮ್ಮ ಬಿನ್ನಹವು ಮತ್ತೊಂದು: ಮಗಳು ದಾದಿಯಾಗುವೆನೆಂದಾಗ ರಾತ್ರಿಯ ಪಾಳಿಯನ್ನೂ ಸೋಂಕಿನ ಭಯವನ್ನೂ ಮುಂದುಮಾಡಿ ಅವಳನ್ನು ತಡೆಯದಿರಿ. ಆ ಭಯವು ಸುಳ್ಳಲ್ಲ. ಆದರೆ ಎಲ್ಲರೂ ಬಾಗಿಲು ಮುಚ್ಚಿಕೊಂಡ ದಿನ ಆ ಮಗುವಿಗಾಗಿ ಒಂದು ಬಾಗಿಲನ್ನು ತೆರೆದು ನಿಲ್ಲುವವರು ಬೇಕಲ್ಲವೆ?